ಬಾಗಿಲಲ್ಲಿ ಬೂಟು, ಗೂಟಕ್ಕೆ ಕೋಟು

ಒಂದು ಊರು. ಅಲ್ಲಿ ಒಬ್ಬ ಹೆಂಗಸು. ಆಕೆಗೆ ಒಂದು ಕಥೆ ಬರುತ್ತಿತ್ತು, ಒಂದು ಹಾಡೂ ಬರುತ್ತಿತ್ತು. ಆದರೆ ಎರಡನ್ನೂ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದಳು. ಒಳಗೆ ಉಸಿರುಗಟ್ಟಿದ ಕಥೆ ಮತ್ತು ಹಾಡು, ಆಕೆ ಬಾಯಿ ತೆರೆದು ಮಲಗಿದ್ದಾಗ ಸಮಯ ಸಾಧಿಸಿ ಹೊರಬಿದ್ದವು. ಕಥೆ ಒಂದು ಜೊತೆ ಬೂಟಾಗಿ ಬಾಗಿಲ ಹೊರಗೆ ಕುಳಿತಿತು. ಹಾಡು ಗಂಡಸರ ಕೋಟಾಗಿ ಗೂಟಕ್ಕೆ ನೇತುಬಿತ್ತು. ಮನೆಗೆ ಬಂದ ಗಂಡ ‘ಯಾರು ಬಂದಿದ್ದರು?’ ಎಂದ. ಆಕೆ ‘ಯಾರೂ ಇಲ್ಲ’ ಎಂದಳು. ನಿಜವನ್ನೇ ಹೇಳಿದ್ದಳು, ಆದರೆ ನಂಬುವ ಹಾಗಿರಲಿಲ್ಲ. ಜಗಳ ಬೆಳೆಯಿತು. ಗಂಡ ಕಂಬಳಿ ಎತ್ತಿಕೊಂಡು ಹನುಮಪ್ಪನ ಗುಡಿಗೆ ಮಲಗಲು ಹೋದ. ಊರಿನ ದೀಪಗಳೆಲ್ಲ ಆರಿದ ಮೇಲೆ ಅವುಗಳ ಜ್ವಾಲೆಗಳು ಅದೇ ಗುಡಿಯಲ್ಲಿ ಸೇರಿ ರಾತ್ರಿಯೆಲ್ಲ ಹರಟುತ್ತಿದ್ದವು. ಆ ದಿನ ಒಂದು ಜ್ವಾಲೆ ತಡವಾಗಿ ಬಂತು. ಅದು ಆತನ ಮನೆಯದೇ.

ಈ ಜನಪದ ಕಥೆಯನ್ನು ಲೋಕಕ್ಕೆ ತಲುಪಿಸಿದವರು ಎ.ಕೆ. ರಾಮಾನುಜನ್. ಶಿಕಾಗೊಗೆ ಹೋಗುವ ಮೊದಲು ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದ್ದ ಅವರು, ಅಜ್ಜಿಯರು ಹೇಳುವ ಕಥೆಗಳನ್ನು ಜೀವಮಾನವಿಡೀ ಕೂಡಿಟ್ಟವರು. ಅವರಿಂದ ಕಥೆ ಕೇಳಿದ ಗಿರೀಶ ಕಾರ್ನಾಡರು ‘ನಾಗಮಂಡಲ’ದ ಪಾಳುಗುಡಿಗೆ ಮಾತಾಡುವ ದೀಪಗಳನ್ನು ತಂದರು. ವಿಶ್ವವಿದ್ಯಾಲಯದಲ್ಲಿ ಸೈಕೊಡೈನಮಿಕ್ ಆಪ್ತಸಮಾಲೋಚನೆ ಕಲಿಸುವವರು ಮೊದಲ ದಿನದ ಪಾಠಕ್ಕೆ ಫ್ರಾಯ್ಡನ ವಿಯೆನ್ನಾವರೆಗೆ ಹೋಗಬೇಕಿಲ್ಲ, ಈ ಬೂಟಿನಿಂದಲೇ ಶುರುಮಾಡಬಹುದು. ಆಡದೆ ನುಂಗಿದ ಮಾತು ಸಾಯುವುದಿಲ್ಲ, ಗುರುತು ಸಿಗದ ವೇಷದಲ್ಲಿ ಮನೆಬಾಗಿಲಿಗೇ ಬಂದು ಕೂರುತ್ತದೆ. ಫ್ರಾಯ್ಡ್ ಆ ನುಂಗುವಿಕೆಗೆ ದಮನ ಎಂದು ಹೆಸರಿಟ್ಟ. ವೇಷಕ್ಕೆ ರೋಗಲಕ್ಷಣ ಎಂದ.

ಆದರೂ ವಿಯೆನ್ನಾದ ಕಥೆಯನ್ನು ಬಿಡುವ ಹಾಗಿಲ್ಲ. 1880ರಲ್ಲಿ ಬರ್ಥಾ ಪಾಪನ್‌ಹೈಮ್ ಎಂಬ ಇಪ್ಪತ್ತೊಂದರ ಹುಡುಗಿ ತಂದೆಯ ಆರೈಕೆ ಮಾಡುತ್ತ ಹಾಸಿಗೆ ಹಿಡಿದಳು. ಕೈಕಾಲು ಸೆಟೆದವು. ಬಿರುಬೇಸಿಗೆಯಲ್ಲಿ ಬಾಯಾರಿದರೂ ನೀರಿನ ಲೋಟ ತುಟಿಗೆ ತಾಗಿದೊಡನೆ ದೂಡುತ್ತಿದ್ದಳು. ವೈದ್ಯ ಯೋಸೆಫ್ ಬ್ರಾಯರ್ ಸಮ್ಮೋಹನದಲ್ಲಿಟ್ಟು ಮಾತಾಡಿಸಿದಾಗ, ಮನೆಯ ಸಂಗಾತಿ ಹೆಂಗಸಿನ ನಾಯಿ ಲೋಟದಲ್ಲಿ ನೀರು ಕುಡಿದುದನ್ನು ತಾನು ಕಂಡಿದ್ದು, ಮರ್ಯಾದೆಗೆ ಅಂಜಿ ಅಸಹ್ಯವನ್ನು ನುಂಗಿಕೊಂಡಿದ್ದು ಹೊರಬಂತು. ಹೇಳಿ ಮುಗಿಸಿದವಳೇ ನೀರು ಕೇಳಿ ಕುಡಿದಳು. ಇದೇ ರೋಗಿ ಈ ಚಿಕಿತ್ಸೆಗೆ ‘ಮಾತಿನ ಮದ್ದು’ ಎಂದು ಹೆಸರಿಟ್ಟವಳು, ತಮಾಷೆಗೆ ‘ಹೊಗೆಗೂಡು ಗುಡಿಸುವುದು’ ಎಂದೂ ಕರೆದಳು. ಆ ದಿನಗಳಲ್ಲಿ ಆಕೆಗೆ ತಾಯಿನುಡಿ ಜರ್ಮನ್ ಬಾರದಾಗಿ ಇಂಗ್ಲಿಷೊಂದೇ ಉಳಿದಿತ್ತು. ಹೆಸರಿಟ್ಟದ್ದೂ ಇಂಗ್ಲಿಷಿನಲ್ಲೇ. ಬ್ರಾಯರ್ ಮತ್ತು ಫ್ರಾಯ್ಡ್ 1895ರಲ್ಲಿ ಆಕೆಯನ್ನು ‘ಅನಾ ಓ.’ ಎಂಬ ಮರೆಹೆಸರಿನಲ್ಲಿ ಪುಸ್ತಕಕ್ಕೆ ತಂದರು. ಪುಸ್ತಕದಲ್ಲಿ ಗುಣವಾದಂತೆ ಕಾಣುವ ಆಕೆ ನಿಜದಲ್ಲಿ 1882ರ ನಂತರವೂ ಆಸ್ಪತ್ರೆ ಸೇರಿದ್ದಳು ಎಂಬುದನ್ನು ಒಳ್ಳೆಯ ಅಧ್ಯಾಪಕರು ಮುಚ್ಚಿಡುವುದಿಲ್ಲ.

ಮನಸ್ಸಿನೊಳಗೆ ಬೇಕು-ಬೇಡಗಳ ಎಳೆದಾಟ ಸದಾ ನಡೆದಿರುತ್ತದೆ. ಅದರ ಹೆಚ್ಚಿನ ಪಾಲು ಆ ಮನಸ್ಸಿನ ಒಡೆಯನಿಗೇ ತಿಳಿದಿರುವುದಿಲ್ಲ. ಎಳವೆಯ ನಂಟುಗಳು ದೊಡ್ಡವರಾದ ಮೇಲೂ ಬೇರೆ ಮುಖ ಹೊತ್ತು ಮರಳುತ್ತವೆ. ಇಷ್ಟನ್ನು ಒಪ್ಪಿಕೊಂಡು ಹೊರಟ ಚಿಕಿತ್ಸೆಗಳಿಗೆಲ್ಲ ಸೈಕೊಡೈನಮಿಕ್ ಎಂಬ ಹೆಸರು. ಫ್ರಾಯ್ಡ್ ಮೂಲಪುರುಷನಾದರೂ ವಂಶ ದೊಡ್ಡದು. ಮೆಲನಿ ಕ್ಲೈನ್, ಮಕ್ಕಳ ವೈದ್ಯನಾಗಿದ್ದ ವಿನಿಕಾಟ್, ಜಾನ್ ಬೌಲ್ಬಿ ಎಲ್ಲರೂ ಅದರಲ್ಲಿ ಬರುತ್ತಾರೆ, ಆಗಾಗ ಜಗಳವಾಡುತ್ತಲೇ.

ನಮ್ಮ ಧಾರವಾಡ ಸೀಮೆಗೂ ಮನೋರೋಗದ ಚಿಕಿತ್ಸೆ ಹೊಸದಲ್ಲ. ಇಂದು ಡಿಮ್ಹಾನ್ಸ್ ಆಗಿರುವ ಆಸ್ಪತ್ರೆ 1845ರಲ್ಲಿ ಹುಚ್ಚಾಸ್ಪತ್ರೆಯಾಗಿ ಆರಂಭವಾಯಿತು. ಆಗ ಫ್ರಾಯ್ಡ್ ಹುಟ್ಟಲು ಇನ್ನೂ 11 ವರ್ಷವಿತ್ತು! ಅಲ್ಲಿ ಗೋಡೆ, ಬೀಗ, ಕಾವಲು ಬಂದಷ್ಟು ಬೇಗ ಮಾತು ಬರಲಿಲ್ಲ. ಮಾತು ಭಾರತಕ್ಕೆ ಬಂದದ್ದು ಕಲ್ಕತ್ತದ ದಾರಿಯಿಂದ. ವೈದ್ಯ ಗಿರೀಂದ್ರಶೇಖರ ಬೋಸ್ ದಮನದ ಮೇಲೆಯೇ ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು, 1922ರಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದರು, ಫ್ರಾಯ್ಡನಿಗೆ ವರ್ಷಗಟ್ಟಲೆ ಪತ್ರ ಬರೆದು ವಾದಿಸಿದರು. ಆತನ 75ನೇ ಹುಟ್ಟುಹಬ್ಬಕ್ಕೆ ಸಂಘದಿಂದ ಹೋದ ಕಾಣಿಕೆ ದಂತದ ವಿಷ್ಣು. ಕನ್ನಡ ನಾಡಿನಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1924ರಲ್ಲಿ ಎಂ.ವಿ. ಗೋಪಾಲಸ್ವಾಮಿ ಮನಶ್ಶಾಸ್ತ್ರದ ವಿಭಾಗ ತೆರೆದರು. ಮನೆಯಲ್ಲೇ ‘ಆಕಾಶವಾಣಿ’ ಎಂಬ ರೇಡಿಯೊ ಕೇಂದ್ರ ಶುರುಮಾಡಿದವರೂ ಅವರೇ. ಕೇಳಿಸುವುದು, ಕೇಳಿಸಿಕೊಳ್ಳುವುದು ಎರಡನ್ನೂ ಒಬ್ಬರೇ ನೆಟ್ಟ ಹಾಗಾಯಿತು.

ಇಂದು ನವಲಗುಂದದಲ್ಲಿ ಬಿ.ಎ. ಮುಗಿಸಿದ ಹುಡುಗಿಯೊಬ್ಬಳು ಈ ದಾರಿ ಹಿಡಿದಳೆನ್ನೋಣ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನದ ಸ್ನಾತಕೋತ್ತರ ಪದವಿ ಇದೆ. ಅದರ ಮುಂದೆ, ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯಿರುವ ತರಬೇತಿ, ನೋಂದಣಿ ಬೇಕು. ಬೆಂಗಳೂರಿನ ನಿಮ್ಹಾನ್ಸ್ ಈ ತರಬೇತಿಗೆ 1950ರ ದಶಕದಿಂದಲೇ ಹೆಸರಾದದ್ದು. ‘ಕೌನ್ಸೆಲರ್’ ಎಂಬ ಬೋರ್ಡಿನ ಮಾತು ಬೇರೆ; ಅದನ್ನು ಬಹುಕಾಲ ಯಾರು ಬೇಕಾದರೂ ತೂಗುಹಾಕುತ್ತಿದ್ದರು. 2021ರ ಕೇಂದ್ರ ಕಾಯ್ದೆ ಈಗಷ್ಟೇ ಅದಕ್ಕೆ ಬೇಲಿ ಕಟ್ಟಲು ಹೊರಟಿದೆ. ಪಠ್ಯದಲ್ಲಿ ಫ್ರಾಯ್ಡ್ ಸಿಗುತ್ತಾನೆ, ಆದರೆ ಸಾಮಾನ್ಯವಾಗಿ ವ್ಯಕ್ತಿತ್ವದ ಸಿದ್ಧಾಂತಗಳ ಪತ್ರಿಕೆಯಲ್ಲಿ, ಹತ್ತು ಅಂಕದ ಪ್ರಶ್ನೆಯಾಗಿ. ಇಡ್, ಈಗೊ, ಸೂಪರ್‌ಈಗೊ ಎಂದು ಮೂರು ಗೆರೆ ಎಳೆದರೆ ಅಂಕ ಬಂತು. ಈ ಪದ್ಧತಿಯಲ್ಲೇ ಆಳವಾದ ತರಬೇತಿ ಬೇಕೆಂದರೆ ದೇಶದ ಕೆಲವೇ ಜಾಗಗಳತ್ತ ನೋಡಬೇಕು.

ಅಂಕದಿಂದ ಅಳೆಯಲಾಗದ ಪಾಠವೇ ಇದರಲ್ಲಿ ಹೆಚ್ಚು. 1920ರಲ್ಲಿ ಬರ್ಲಿನ್ನಿನಲ್ಲಿ ಆರಂಭವಾದ ಮನೋವಿಶ್ಲೇಷಣೆಯ ಚಿಕಿತ್ಸಾಲಯ ತರಬೇತಿಗೆ ಮೂರು ಕಾಲು ಕೊಟ್ಟಿತು: ಗ್ರಂಥಗಳ ಓದು, ಹಿರಿಯರ ಉಸ್ತುವಾರಿಯಲ್ಲಿ ರೋಗಿಗಳನ್ನು ನೋಡುವುದು, ಮತ್ತು ಕಲಿಯುವವರು ತಾವೇ ರೋಗಿಯ ಜಾಗದಲ್ಲಿ ಕುಳಿತು ತಮ್ಮ ಮನಸ್ಸನ್ನು ಬಿಚ್ಚುವುದು. ಕೊನೆಯದನ್ನು ಕೇಳಿದೊಡನೆ ನಮ್ಮ ಕಡೆಯ ಪಾಲಕರು ‘ನಮ್ಮ ಹುಡುಗಿಗೆ ಏನಾಗೇತ್ರಿ?’ ಎಂದಾರು. ಏನೂ ಆಗಿಲ್ಲ. ಬೇರೆಯವರ ಬಾವಿಗೆ ಇಳಿಯುವವರು ತಮ್ಮ ಬಾವಿಯ ಕತ್ತಲು ಎಷ್ಟೆಂದು ತಿಳಿದಿರಲಿ ಎಂಬ ಲೆಕ್ಕಾಚಾರ ಅಷ್ಟೆ.

ಇನ್ನೊಂದು ಪಾಠ ಇದಕ್ಕಿಂತ ವಿಚಿತ್ರ. ಲಂಡನ್ನಿನ ಟ್ಯಾವಿಸ್ಟಾಕ್ ಚಿಕಿತ್ಸಾಲಯದಲ್ಲಿ 1948ರಲ್ಲಿ ಎಸ್ತರ್ ಬಿಕ್ ಎಂಬಾಕೆ ಕೂಸನ್ನು ನೋಡುತ್ತ ಕೂರುವ ಪಾಠ ಆರಂಭಿಸಿದರು. ವಿದ್ಯಾರ್ಥಿ ಒಂದು ಮನೆಯನ್ನು ಗೊತ್ತುಮಾಡಿಕೊಂಡು ವಾರಕ್ಕೊಮ್ಮೆ ಒಂದು ತಾಸು, ಎರಡು ವರ್ಷ ಹೋಗಬೇಕು. ಸಲಹೆ ಕೊಡುವ ಹಾಗಿಲ್ಲ, ಅಲ್ಲೇ ಬರೆದುಕೊಳ್ಳುವ ಹಾಗಿಲ್ಲ. ಕೂಸು ಮೊಲೆಯಿಂದ ಯಾವಾಗ ಮುಖ ತಿರುಗಿಸಿತು, ತಾಯಿ ಆಗೇನು ಮಾಡಿದಳು, ಅದನ್ನು ಕಂಡಾಗ ನೋಡುವವಳ ಎದೆಯಲ್ಲಿ ಏನಾಯಿತು ಎಂಬುದನ್ನು ಮನೆಗೆ ಬಂದು ಬರೆಯಬೇಕು. ನವಲಗುಂದದ ಓಣಿಯಲ್ಲಿ ಇದನ್ನು ಮಾಡಿ ನೋಡಲಿ! ಹೊಸ್ತಿಲು ದಾಟುವ ಮೊದಲೇ ಜಮಖಾನೆ ಹಾಸಿ, ಚಹಾ ಇಟ್ಟು, ‘ನೀ ಯಾರ ಪೈಕಿ?’ ಎಂದು ಕೇಳಿಯಾಗಿರುತ್ತದೆ. ತೊಟ್ಟಿಲ ಹತ್ತಿರ ತಾಯಿಯೊಬ್ಬಳೇ ಇರುವುದಿಲ್ಲ. ಅಜ್ಜಿ, ಅತ್ತಿ, ಸೋದರಮಾವ, ಪಕ್ಕದ ಮನೆಯ ಶಾಲೆ ಹುಡುಗಿ, ಎಲ್ಲರೂ ಆ ಕೂಸಿನ ಲೋಕ. ಬಂದವಳು ಸುಮ್ಮನೆ ಕುಳಿತರೆ ‘ಯಾಕವಾ, ಮೈಯಾಗ ಆರಾಮಿಲ್ಲೇನು?’ ಎಂಬ ಪ್ರಶ್ನೆ. ಇಂಗ್ಲೆಂಡಿನ ಪಾಠ ತಾಯಿ-ಕೂಸು ಎಂಬ ಜೋಡಿಯ ಮೇಲೆ ನಿಂತಿದೆ. ಕೂಸು ಹತ್ತು ಕೈಗಳ ನಡುವೆ ಬೆಳೆಯುವ ಮನೆಯಲ್ಲಿ ಅದೇ ಪಾಠ ಏನು ಕಲಿಸುತ್ತದೆ ಎಂಬುದು ಧಾರವಾಡದ ಯಾವುದೇ ವಿದ್ಯಾರ್ಥಿ ಕೈಹಾಕಬಹುದಾದ ಸಂಶೋಧನೆ.

ಸಂಬೋಧನೆಯಲ್ಲೂ ಇಂತಹದೇ ತೊಡಕಿದೆ. ಚಿಕಿತ್ಸಕನ ಮೇಲೆ ರೋಗಿ ತನ್ನ ಅಪ್ಪ-ಅವ್ವನ ನೆರಳು ಹಾಕುವುದನ್ನು ಫ್ರಾಯ್ಡ್ ಭಾವವರ್ಗಾವಣೆ ಎಂದ. ಅದು ಮೆಲ್ಲಗೆ, ತಿಂಗಳುಗಳಲ್ಲಿ ಗಟ್ಟಿಯಾಗುತ್ತದೆ ಎನ್ನುತ್ತವೆ ಪುಸ್ತಕಗಳು. ಇಲ್ಲಿ ಬಂದವರ ಮೊದಲ ಮಾತೇ ‘ಯಕ್ಕಾ, ನೀವಽ ದಾರಿ ತೋರಸ್ರಿ’. ಇದು ಬರೀ ಊರಿನ ಸೌಜನ್ಯವೋ, ಒಳಗಿನಿಂದ ಎದ್ದ ಕೂಗೋ? ಎರಡನ್ನೂ ಒಂದೇ ಎಂದುಕೊಂಡ ವಿದ್ಯಾರ್ಥಿ ದಾರಿ ತಪ್ಪುತ್ತಾಳೆ. ಸಲಹೆ ಕೊಡದೆ ಕಾಯಿರಿ ಎನ್ನುತ್ತದೆ ಪಠ್ಯ. ಕಾದರೆ ‘ಇವರಿಗೇನೂ ಗೊತ್ತಿಲ್ಲ’ ಎಂದು ಬಂದವರು ಎದ್ದುಹೋಗುತ್ತಾರೆ. ಮನೋವೈದ್ಯ ಜೆ.ಎಸ್. ನೇಕಿ 1973ರಲ್ಲೇ ಗುರು-ಶಿಷ್ಯ ಸಂಬಂಧವನ್ನು ಚಿಕಿತ್ಸೆಯ ಮಾದರಿಯಾಗಿ ಮುಂದಿಟ್ಟದ್ದು ಇಂತಹ ಇಕ್ಕಟ್ಟಿಗೆ ಉತ್ತರವಾಗಿ. ಒಪ್ಪಬಹುದಾದ ಉತ್ತರವೇ. ಆದರೆ ಗುರುವಿನ ಗದ್ದುಗೆ ಸುಖವಾಗಿರುತ್ತದೆ, ಅದರಿಂದ ಇಳಿಯುವುದು ಕಷ್ಟ.

ಮತ್ತೆ ರಾಮಾನುಜನ್ನರ ಹತ್ತಿರ ಬರಬೇಕು. ಅವರು ಸಂಗ್ರಹಿಸಿದ ಇನ್ನೊಂದು ಕನ್ನಡ ಕಥೆಯಲ್ಲಿ, ಹೆತ್ತ ಮಗನನ್ನೇ ಮದುವೆಯಾಗುವ ಹಣೆಬರಹ ಹೊತ್ತು ಹುಟ್ಟಿದ ಹುಡುಗಿ ಅದನ್ನು ತಪ್ಪಿಸಲು ಕಾಡು ಸೇರುತ್ತಾಳೆ. ಮಾವಿನಹಣ್ಣು ತಿಂದು ಗರ್ಭಿಣಿಯಾಗಿ, ಹುಟ್ಟಿದ ಕೂಸನ್ನು ಸೀರೆಯ ತುಂಡಿನಲ್ಲಿ ಸುತ್ತಿ ಹೊಳೆಗೆ ಬಿಡುತ್ತಾಳೆ. ಅರಮನೆಯಲ್ಲಿ ಬೆಳೆದ ಆ ಹುಡುಗ ಬೇಟೆಗೆ ಬಂದು ಆಕೆಯನ್ನೇ ವರಿಸುತ್ತಾನೆ. ಮಗ ಹುಟ್ಟಿದಾಗ ಹಳೆಯ ಸೀರೆಯ ತುಂಡು ಹೊರಬಂದು ಗುಟ್ಟು ಬಯಲಾಗುತ್ತದೆ. ಆಕೆ ತೊಟ್ಟಿಲ ಕೂಸನ್ನು ಮಗನೇ, ಮೊಮ್ಮಗನೇ, ಗಂಡನ ತಮ್ಮನೇ ಎಂದು ತೂಗಿ ಮಲಗಿಸಿ ಪ್ರಾಣ ಬಿಡುತ್ತಾಳೆ. ಗ್ರೀಸಿನ ಈಡಿಪಸ್ ಕಥೆಯಲ್ಲಿ ಹುಡುಕುವವನು, ತಿಳಿಯುವವನು ಮಗ; ಇಲ್ಲಿ ತಾಯಿ. ಭಾರತದ ಕಥೆಗಳಲ್ಲಿ ಅಪ್ಪನನ್ನು ಕೊಲ್ಲುವ ಮಗನಿಗಿಂತ, ಅಪ್ಪನಿಗಾಗಿ ತನ್ನ ಬಾಳನ್ನೇ ಬಿಟ್ಟುಕೊಡುವ ಮಗ ಹೆಚ್ಚು ಎಂದೂ ರಾಮಾನುಜನ್ ವಾದಿಸಿದರು: ಭೀಷ್ಮ, ಪುರು. ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಬಂದದ್ದು ಆ ಪುರುವಿನ ಮನೆಯ ಸುದ್ದಿ ಹೊತ್ತು.

ಎರೆಭೂಮಿಯಲ್ಲಿ, ಮಗನ ಹರೆಯವನ್ನೇ ಕೇಳಿದ ಯಯಾತಿಯನ್ನು ಹುಡುಕಲು ಪುರಾಣ ಬೇಕಿಲ್ಲ. ಎಪ್ಪತ್ತು ದಾಟಿದ ಅಪ್ಪ. ಉತಾರದಲ್ಲಿ ಇನ್ನೂ ಆತನದೇ ಹೆಸರು. ನಲವತ್ತರ ಮಗ ಬಿತ್ತುತ್ತಾನೆ, ಸಾಲ ಮಾಡುತ್ತಾನೆ, ಗೋವಿನಜೋಳಕ್ಕೋ ಉಳ್ಳಾಗಡ್ಡಿಗೋ ಎಂಬುದನ್ನು ಮಾತ್ರ ಅಪ್ಪನೇ ನಿರ್ಧರಿಸುತ್ತಾನೆ. ಬೆಣ್ಣಿಹಳ್ಳ ಉಕ್ಕಿ ಬೆಳೆ ಹೋದ ವರ್ಷ ಮಗನಿಗೆ ಎದೆ ಉರಿ, ಕೈ ಜೋಮು. ಹುಬ್ಬಳ್ಳಿಯಲ್ಲಿ ಇಸಿಜಿ ತೆಗೆಸಿದರೆ ಎಲ್ಲ ಸರಿಯಾಗಿದೆ. ಇಂತಹವನ ಬಗ್ಗೆ ಮನೆಯವರು ಹೇಳುವುದು ‘ಅಂವಾ ಭಾಳ ಮನಸ್ಸಿಗೆ ಹಚ್ಚಿಕೊಂಡಾನ್ರಿ’. ಆ ಎದೆ ಉರಿಯೇ ಬಾಗಿಲಲ್ಲಿ ಕುಳಿತ ಬೂಟು. ‘ಡಿಪ್ರೆಶನ್’ ಎಂದು ಬರೆದುಕೊಂಡರೆ ಫೈಲು ಮುಗಿಯಿತು. ‘ಹಚ್ಚಿಕೊಳ್ಳುವುದು’ ಎಂಬ ಮಾತನ್ನೇ ಹಿಡಿದು ‘ಏನನ್ನು? ಯಾವಾಗಿನಿಂದ?’ ಎಂದು ಕೇಳಿದರೆ ಕೆಲಸ ಶುರುವಾಗುತ್ತದೆ. ಇಂಗ್ಲಿಷಿನಲ್ಲಿ ಓದಿ ಪರೀಕ್ಷೆ ಬರೆದವಳು ಇಲ್ಲಿ ತನ್ನ ಅವ್ವನ ಮಾತನ್ನು ಮತ್ತೆ ಕಲಿಯಬೇಕಾಗುತ್ತದೆ. ಆಕೆಯ ಓದಿನಲ್ಲಿ ಅತಿ ಕಷ್ಟದ ಪತ್ರಿಕೆ ಇದೇ, ವೇಳಾಪಟ್ಟಿಯಲ್ಲಿ ಇಲ್ಲದ್ದು.

ನೆರವಿಗೆ ಕನ್ನಡದ ಪುಸ್ತಕಗಳಿವೆ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ‘ಶರಪಂಜರ’ದಲ್ಲಿ ಆಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಮನೆ-ಮಂದಿಯ ಕಣ್ಣೇ ಹೇಗೆ ಮತ್ತೆ ಒಡೆಯುತ್ತದೆಂದು ತೋರಿಸಿದರು, ಪುಟ್ಟಣ್ಣ ಕಣಗಾಲರ ಚಿತ್ರದಿಂದ ಅದು ಹಳ್ಳಿ ಹಳ್ಳಿಗೂ ತಲುಪಿತು. ವೈದ್ಯರೂ ‘ಕೊರವಂಜಿ’ಯ ಸಂಪಾದಕರೂ ಆಗಿದ್ದ ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ವಾರಕ್ಕೊಮ್ಮೆ ಐವತ್ತು ನಿಮಿಷ, ವರ್ಷಗಟ್ಟಲೆ: ಇದು ಶಹರದ ಉಳ್ಳವರ ಚಿಕಿತ್ಸೆಯಲ್ಲವೇ ಎಂಬ ಆಕ್ಷೇಪ ಹಳೆಯದು, ಸುಳ್ಳೂ ಅಲ್ಲ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಮಾನಸಿಕ ಚಿಕಿತ್ಸೆ ತಲುಪಿಸಿ ದೇಶಕ್ಕೇ ಮಾದರಿ ಕೊಟ್ಟಿತು. ಅದು ಮುಖ್ಯವಾಗಿ ಔಷಧಿಯ ದಾರಿ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳಲ್ಲಿ ಕಂಡಂತೆ, ಬೇರೆ ಬೇರೆ ಮನೋರೋಗಗಳಲ್ಲಿ ಚಿಕಿತ್ಸೆ ಸಿಗದವರ ಪಾಲು ಶೇ. 70ರಿಂದ 92. ಇಂತಹ ಬರದಲ್ಲಿ ಪ್ರತಿ ರೈತನಿಗೂ ಒಬ್ಬ ವಿಶ್ಲೇಷಕ ಎಂಬುದು ಹಗಲುಗನಸು. ಆದರೆ ಕೆಲವೇ ತಿಂಗಳಲ್ಲಿ ಮುಗಿಯುವ ಕಿರು ಪದ್ಧತಿಗಳೂ ಇದೇ ವಂಶದಲ್ಲಿವೆ. ಸೈಕೊಡೈನಮಿಕ್ ಚಿಕಿತ್ಸೆಯಲ್ಲಿ ಸಿಕ್ಕ ಗುಣ ಅದು ನಿಂತ ಮೇಲೂ ಮುಂದುವರಿಯುತ್ತದೆ ಎಂದು ಅಮೆರಿಕದ ಜೊನಾಥನ್ ಶೆಡ್ಲರ್ 2010ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ವಾದಿಸಿದ್ದಾರೆ. ವಿರೋಧಿಗಳು ಇನ್ನೂ ಸುಮ್ಮನಾಗಿಲ್ಲ. ರಾತ್ರಿ ಎರಡಕ್ಕೆ ಎದೆ ಒಡೆಯುವಂತಾದವರಿಗೆ ಈ ವಾದ ಬೇಕಿಲ್ಲ, 2022ರ ಅಕ್ಟೋಬರಿನಿಂದ ಇರುವ ಟೆಲಿ-ಮಾನಸ್ ಸಹಾಯವಾಣಿ 14416 ಬೇಕು. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಅಷ್ಟಕ್ಕೂ ನವಲಗುಂದದವರು ಬಾಯಿ ಬಿಡದವರೇನಲ್ಲ. ಹೋಳಿಯಲ್ಲಿ ರಾಮಲಿಂಗ ಕಾಮಣ್ಣನ ಮುಂದೆ ನಿಂತು ಮದುವೆ, ಮಕ್ಕಳು, ನೌಕರಿ ಬೇಕೆಂದು ಹರಕೆ ಹೊರುತ್ತಾರೆ. ಬಯಕೆಯ ದೇವರನ್ನೇ ಕೂರಿಸಿ ಬೇಡಿಕೊಳ್ಳುವ ಊರಿಗೆ ಫ್ರಾಯ್ಡನ ಕಾಮಸಿದ್ಧಾಂತ ಕೇಳಿ ಕಿವಿ ಮುಚ್ಚಿಕೊಳ್ಳುವ ಕಾರಣವಿಲ್ಲ! ಕಾಮಣ್ಣನಿಗೆ ಬೇಡಿಕೆ ಹೇಳಬಹುದು. ಬೇಡಬಾರದ್ದನ್ನು, ಅಪ್ಪನ ಮೇಲಿನ ಸಿಟ್ಟನ್ನು, ಸತ್ತ ಅಣ್ಣನ ಮೇಲಿನ ಹೊಟ್ಟೆಕಿಚ್ಚನ್ನು ಎಲ್ಲಿ ಹೇಳುವುದು? ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರಿನಲ್ಲಿ, ಹೇಳಿದ ಮಾತು ಬಸ್ ಸ್ಟ್ಯಾಂಡು ತಲುಪದ ಹಾಗೆ ನೋಡಿಕೊಳ್ಳುವುದನ್ನೂ ಆ ಹುಡುಗಿ ಕಲಿತು ಬರಬೇಕು.

ಗುಡಿಯಲ್ಲಿ ಮಲಗಿದ್ದ ಗಂಡನ ಕಥೆ ಅರ್ಧಕ್ಕೆ ನಿಂತಿದೆ. ತಡವಾಗಿ ಬಂದ ಜ್ವಾಲೆ ಉಳಿದವುಗಳಿಗೆ ಬೂಟಿನ ಗುಟ್ಟು, ಕೋಟಿನ ಗುಟ್ಟು ಎರಡನ್ನೂ ಹೇಳಿತು. ಕಂಬಳಿಯೊಳಗಿಂದ ಕೇಳಿಸಿಕೊಂಡ ಗಂಡನ ಅನುಮಾನ ಕರಗಿತು. ಬೆಳಗಾಗುತ್ತಲೇ ಮನೆಗೆ ಓಡಿ, ನಿನ್ನ ಕಥೆ ಯಾವುದು, ಹಾಡು ಯಾವುದು ಎಂದು ಹೆಂಡತಿಯನ್ನು ಕೇಳಿದ. ಆಕೆಗೆ ಎರಡೂ ಮರೆತುಹೋಗಿದ್ದವು. ಯಾವ ಕಥೆ, ಯಾವ ಹಾಡು ಎಂದು ಆತನನ್ನೇ ಕೇಳಿದಳು.