ಸಿಟ್ಟು ಕಾಣುತ್ತದೆ, ಮಾತು ಕಾಣುವುದಿಲ್ಲ

(ರಾಯಚೂರಿನಲ್ಲಿ ಮಹಿಳಾ ಕಾರ್ಯಕರ್ತೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ದೇವದುರ್ಗ, ಮಾನ್ವಿಗಳಿಂದ ಬೆಳಗಿನ ಬಸ್ಸು ಹಿಡಿದು ಬಂದಿದ್ದೀರಿ. ವರದಕ್ಷಿಣೆ, ಹೊಡೆತ ಬಡಿತಗಳ ಬಗ್ಗೆ ಮಾತಾಡುವ ಸಭೆಯಲ್ಲಿ ಸಿನಿಮಾದ ಸುದ್ದಿ ಯಾಕೆ ಎಂದು ಕೆಲವರಿಗೆ ಅನಿಸಬಹುದು. ನಡೆದದ್ದನ್ನು ಹೇಳುತ್ತೇನೆ, ಆಮೇಲೆ ನೀವೇ ತೀರ್ಮಾನಿಸಿ.

ಮಾನ್ವಿ ತಾಲ್ಲೂಕಿನ ಒಂದು ಊರಿನಲ್ಲಿ ಸಂಘದ ಹೆಣ್ಣುಮಕ್ಕಳಿಗೆ ‘ನಾನು ಅವನಲ್ಲ ಅವಳು’ ಸಿನಿಮಾ ತೋರಿಸಿದೆವು. ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ಈ ಚಿತ್ರ 2015ರಲ್ಲಿ ತೆರೆಗೆ ಬಂತು. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯೇ ಇದಕ್ಕೆ ಆಧಾರ. ಮನೆಯವರ ಲೆಕ್ಕದಲ್ಲಿ ಅದು ಗಂಡು ಮಗು. ಆ ಮಗುವಿಗೋ ತಾನು ಹೆಣ್ಣೆಂಬ ಅರಿವು. ಮಾದೇಶ ವಿದ್ಯಾ ಆಗುವ ಕಥೆ ಅದು. ಆ ಪಾತ್ರ ಮಾಡಿದ ಸಂಚಾರಿ ವಿಜಯ್ ಅವರಿಗೆ ಶ್ರೇಷ್ಠ ನಟ ಎಂಬ ರಾಷ್ಟ್ರಪ್ರಶಸ್ತಿ ಸಿಕ್ಕಿತು. 2021ರಲ್ಲಿ ಅವರು ತೀರಿಕೊಂಡರು.

ನೋಡಲು ಬಂದವರಲ್ಲಿ ಕಿವಿ ಕೇಳದ ಒಬ್ಬ ಸೊಸೆ ಇದ್ದಳು. ಏಳನೆಯ ತರಗತಿವರೆಗೆ ಓದಿದವಳು. ಪಕ್ಕದಲ್ಲಿ ಅತ್ತೆ. ಸಿನಿಮಾ ಮುಗಿದ ಮೇಲೆ ‘ಏನು ತಿಳಿಯಿತು?’ ಎಂದು ಚೀಟಿಯಲ್ಲಿ ಬರೆದು ಕೇಳಿದೆ. ಅವಳು ಬರೆದಳು: ‘ಮನೆಯವರಿಗೆ ಯಾಕೆ ಸಿಟ್ಟು? ಹುಡುಗ ಕಳ್ಳತನ ಮಾಡಿದ್ದನಾ?’

ನಾನು ನಾಚಿಕೊಂಡೆ. ನಾವು ಒಯ್ದ ಪ್ರತಿಯಲ್ಲಿ ಇದ್ದದ್ದು ಇಂಗ್ಲಿಷ್ ಅಡಿಬರಹ. ಕನ್ನಡ ಓದಬಲ್ಲ ಹೆಣ್ಣುಮಗಳಿಗೆ ಕನ್ನಡ ಸಿನಿಮಾವನ್ನು ಮೂಕಚಿತ್ರ ಮಾಡಿ ತೋರಿಸಿದ್ದೆವು. ಸಿಟ್ಟು ಅವಳಿಗೆ ಕಂಡಿತು, ಸಿಟ್ಟಿನ ಕಾರಣ ಕಾಣಲಿಲ್ಲ.

ಅದೇ ಚೀಟಿಯ ಹಿಂದೆ ಅವಳು ಇನ್ನೊಂದು ಸಾಲು ಬರೆದು ಕೊಟ್ಟಳು: ‘ನಮ್ಮ ಮನೆಯಲ್ಲೂ ಬೈತಾರೆ. ಏನಂತ ಬೈತಾರೆ ಗೊತ್ತಿಲ್ಲ.’

ಆಮೇಲೆ ಎರಡು ಮೂರು ಸಲ ಆ ಮನೆಗೆ ಹೋದೆವು. ನಾವು ಏನು ಕೇಳಿದರೂ ಅತ್ತೆಯೇ ಉತ್ತರ ಕೊಡುತ್ತಿದ್ದರು: ‘ಅಕಿ ಆರಾಮ ಅದಾಳ್ರಿ, ಅಕಿಗೇನ್ ತಿಳೀತದ?’ ಕೊನೆಗೆ ಅವರ ಬಾಯಿಂದಲೇ ವಿಷಯ ಹೊರಬಿತ್ತು. ಕಿವುಡಿಯನ್ನು ಮಾಡಿಕೊಂಡದ್ದಕ್ಕೆ ಹೆಚ್ಚಿಗೆ ಬಂಗಾರ ಎಂದು ಮಾತಾಗಿತ್ತು. ಅದರಲ್ಲಿ ಎರಡು ತೊಲ ಬಾಕಿ. ತನ್ನನ್ನು ಯಾತಕ್ಕಾಗಿ ಹಂಗಿಸುತ್ತಿದ್ದಾರೆ ಎಂಬುದು ಅವಳಿಗೆ ನಮ್ಮ ಚೀಟಿಯಿಂದ ಗೊತ್ತಾಗಬೇಕಾಯಿತು.

ಈಗ ಆ ಸಿನಿಮಾಕ್ಕೆ ಮರಳೋಣ. ಅದರ ಹೆಸರಿನಲ್ಲೇ ಜಗಳವಿದೆ. ಅವನು, ಅವಳು, ಬಂದ, ಬಂದಳು, ಬಾರಪ್ಪ, ಬಾರವ್ವ. ನಮ್ಮ ಕನ್ನಡದಲ್ಲಿ ಮಾತಿನ ತುದಿಯಲ್ಲೇ ಗಂಡು ಹೆಣ್ಣಿನ ಗುರುತು ಅಂಟಿಕೊಂಡಿರುತ್ತದೆ. ಹೆಣ್ಣೆಂದು ತನ್ನನ್ನು ಅರಿತ ಮಗುವನ್ನು ‘ಬಾರೋ’ ಎಂದು ಕರೆದಾಗಲೆಲ್ಲ ಅದಕ್ಕೆ ಒಂದು ಏಟು. ಇಂಗ್ಲಿಷ್ ಅಡಿಬರಹದಲ್ಲಿ ‘ಬಾರೋ’, ‘ಬಾರೇ’ ಎರಡೂ ಒಂದೇ ಆಗಿಬಿಡುತ್ತವೆ. ಕಿವುಡರ ಸನ್ನೆಭಾಷೆಯಲ್ಲಂತೂ ಅವನಿಗೂ ಅವಳಿಗೂ ಬೆರಳು ತೋರಿಸುವುದೇ ಸಾಕು, ಅದರಲ್ಲಿ ಲಿಂಗದ ಗುರುತಿಲ್ಲ. ಹಾಗಾಗಿ ಕಿವಿ ಕೇಳದವರಿಗೆ ಈ ಕಥೆಯ ನೋವು ಮುಟ್ಟಬೇಕಾದರೆ ಕನ್ನಡದ ಆ ತುದಿಯಕ್ಷರಗಳು ಕಣ್ಣಿಗೆ ಕಾಣಲೇಬೇಕು.

ದೇವದುರ್ಗದಲ್ಲಿ ಎರಡನೆಯ ಸಲ ತೋರಿಸುವ ಮೊದಲು ನಾವು ಕೆಲವರು ಕೂತು ಮಾತುಗಳನ್ನೆಲ್ಲ ಕನ್ನಡದಲ್ಲಿ ಬರೆದೆವು, ಪಕ್ಕದ ಗೋಡೆಯ ಮೇಲೆ ಸಾಲುಸಾಲಾಗಿ ಮೂಡಿಸಿದೆವು. ಬರೀ ಮಾತು ಸಾಲದು. ಯಾರು ಆಡಿದ್ದು, ಬಾಗಿಲು ಬಡಿದದ್ದು, ಒಳಗೆ ಅಳುವುದು, ಎಲ್ಲವನ್ನೂ ಬರೆಯಬೇಕು. ಬೈಗುಳವನ್ನು ಮೆತ್ತಗೆ ಮಾಡಬಾರದು. ಮನೆಯವರು ‘ಬಾರೋ’ ಎಂದಿದ್ದರೆ ‘ಬಾರೋ’ ಎಂದೇ ಬರೆಯಬೇಕು. ಆದರೆ ಮಾತಿನ ಹಿಂದೆ ಯಾರ ಹೆಸರು ಹಾಕುವುದು, ಮಾದೇಶನೋ ವಿದ್ಯಾಳೋ? ಒಂದು ಸಂಜೆಯೆಲ್ಲ ಚರ್ಚೆಯಾಯಿತು. ಅವಳು ತಾನೇ ಹೆಸರಿಟ್ಟುಕೊಂಡ ಗಳಿಗೆಯಿಂದ, ಬೇರೆಯವರು ಏನೇ ಕರೆಯಲಿ, ನಾವು ವಿದ್ಯಾ ಎಂದೇ ಬರೆಯುವುದೆಂದು ಒಪ್ಪಿಕೊಂಡೆವು.

ಇದು ನಮಗೆ ಹೊರಗಿನ ವಿಷಯ ಅನ್ನುವವರಿದ್ದಾರೆ. ಅಲ್ಲ. ಎಲ್ಲಮ್ಮನ ಜೋಗಪ್ಪಗಳನ್ನು ನೀವು ಚಿಕ್ಕಂದಿನಿಂದ ಕಂಡಿದ್ದೀರಿ. ಮನೆಯಲ್ಲಿ ಜಾಗ ಸಿಗದ ಎಷ್ಟೋ ಮಕ್ಕಳಿಗೆ ದೇವಿಯ ಹೆಸರಿನಲ್ಲಷ್ಟೇ ಜಾಗ ಸಿಕ್ಕಿತು. ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಆದರೆ ಪ್ರಶಸ್ತಿಗೆ ಚಪ್ಪಾಳೆ ತಟ್ಟುವ ನಾವೇ ನಮ್ಮ ಮನೆಯಲ್ಲಿ ಅಂಥ ಮಗು ಇದ್ದರೆ ಏನು ಮಾಡುತ್ತೇವೆ? ‘ಮದುವೆ ಮಾಡಿದರೆ ಸರಿಹೋಗುತ್ತದೆ’ ಎಂದು ಬಂಗಾರ, ರೊಕ್ಕ ತೆಗೆದುಕೊಂಡು ಒಬ್ಬ ಹುಡುಗಿಯನ್ನು ತಂದು ಕಟ್ಟುತ್ತೇವೆ. ಅಲ್ಲಿಗೆ ಎರಡು ಜೀವ ಹಾಳು. ಆ ಹುಡುಗಿಯ ದೂರೂ ನಮ್ಮ ಬಾಗಿಲಿಗೇ ಬರುತ್ತದೆ.

ಕಾನೂನು ಮಾತನ್ನೂ ಹಿಂಸೆ ಎಂದು ಒಪ್ಪಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಲ್ಲಿ ದೈಹಿಕ, ಲೈಂಗಿಕ, ಮಾತಿನ ಮತ್ತು ಭಾವನಾತ್ಮಕ, ಆರ್ಥಿಕ ಎಂದು ನಾಲ್ಕು ಬಗೆಯ ಹಿಂಸೆಗಳನ್ನು ಹೆಸರಿಸಿದ್ದಾರೆ. 2019ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ಬಂದ ಕಾಯಿದೆಯೂ ಅವೇ ನಾಲ್ಕನ್ನು ಅಪರಾಧಗಳ ಸಾಲಿಗೆ ಸೇರಿಸಿತು. ಇನ್ನು ದೃಶ್ಯ ಮಾಧ್ಯಮಗಳಲ್ಲಿ ಅಡಿಬರಹ, ಸನ್ನೆಭಾಷೆ ಇರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೇಳಿತು. ಚಿತ್ರಮಂದಿರದ ಸಿನಿಮಾಗಳಿಗಾಗಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2024ರ ಮಾರ್ಚ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಆದರೆ ಕೇಳುವವರಿಲ್ಲದಿದ್ದರೆ ಇವೆಲ್ಲ ಕಾಗದದಲ್ಲೇ ಉಳಿಯುತ್ತವೆ.

ಅಡಿಬರಹವೇ ಎಲ್ಲಕ್ಕೂ ಮದ್ದಲ್ಲ. ನಮ್ಮ ಹಳ್ಳಿಗಳ ಎಷ್ಟೋ ಕಿವುಡ ಹೆಣ್ಣುಮಕ್ಕಳನ್ನು ಶಾಲೆಗೇ ಕಳಿಸಿಲ್ಲ. ಅವರಿಗೆ ಓದು ಬಾರದು, ಸನ್ನೆಭಾಷೆಯೂ ಬಾರದು. ಮನೆಯವರಿಗಷ್ಟೇ ತಿಳಿಯುವ ಸನ್ನೆಗಳು ಮಾತ್ರ ಗೊತ್ತು. ಬೈಯುವವರೇ ಅವರ ದುಭಾಷಿಗಳು.

ಅದಕ್ಕೇ ಕೇಳಿಕೊಳ್ಳುತ್ತೇನೆ. ಕಿವಿ ಕೇಳದ ಹೆಣ್ಣುಮಗಳು ದೂರು ಕೊಡಲು ಬಂದರೆ ಗಂಡ, ಅತ್ತೆ, ನಾದಿನಿಯನ್ನು ದುಭಾಷಿಯಾಗಿ ಕೂರಿಸಬೇಡಿ. ಸಂರಕ್ಷಣಾಧಿಕಾರಿ ವರದಿ ಬರೆಯುವಾಗ ಹೊರಗಿನ ಸನ್ನೆಭಾಷೆ ಬಲ್ಲವರನ್ನೋ ವಿಶೇಷ ಶಿಕ್ಷಕಿಯನ್ನೋ ಕರೆಸಲು ಒತ್ತಾಯಿಸಿ. ಓದು ಬಲ್ಲವಳಾದರೆ ಅವಳ ಕೈಯಲ್ಲೇ ಬರೆಸಿ. ಸಂಘದಲ್ಲಿ ಸಿನಿಮಾ ತೋರಿಸುವ ಮುಂಚೆ ಕನ್ನಡ ಅಡಿಬರಹ ಇದೆಯೇ ನೋಡಿ. ಇಲ್ಲವಾದರೆ ಕೂತು ಬರೆಯೋಣ, ನಾನೂ ಬರುತ್ತೇನೆ.

ಮಾನ್ವಿಯ ಆ ಹೆಣ್ಣುಮಗಳು ಈಗ ತವರಿನಲ್ಲಿದ್ದಾಳೆ. ದೂರನ್ನು ತಾನೇ ಬರೆದಳು, ಎರಡು ಪುಟ. ಆ ಸಿನಿಮಾವನ್ನು ಇನ್ನೊಮ್ಮೆ ತೋರಿಸಿ ಎಂದು ಕೇಳಿದ್ದಾಳೆ.