ಬೋರ್ಡು ಕನ್ನಡದಲ್ಲಿದೆ, ಪುಸ್ತಕ ಎಲ್ಲಿದೆ?

(ಬೆಂಗಳೂರಿನಲ್ಲಿ ಕನ್ನಡ ತರುಣರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)

ನಿಮ್ಮಲ್ಲಿ ಹಲವರು ಈ ಊರಿನ ಅಂಗಡಿ ಬೋರ್ಡುಗಳಲ್ಲಿ ಕನ್ನಡ ಬರಲೆಂದು ಬೀದಿಗಿಳಿದವರು. ನಿಮಗೆ ನನ್ನ ನಮಸ್ಕಾರ. ಇವತ್ತು ನಾನು ಇನ್ನೊಂದು ಬೋರ್ಡಿನ ಮಾತು ಹೇಳಲು ಬಂದಿದ್ದೇನೆ. ಊರಾಚೆ ಜಾಲಿ ಗಿಡಗಳ ನಡುವೆ ನಿಂತಿರುವ ಬೋರ್ಡು ಅದು. ಮೇಲೆ ದೊಡ್ಡ ವಿಶ್ವವಿದ್ಯಾಲಯದ ಹೆಸರು. ಕೆಳಗೆ ಸಣ್ಣ ಅಕ್ಷರದಲ್ಲಿ ‘ಸ್ನಾತಕೋತ್ತರ ಕೇಂದ್ರ’. ಅಚ್ಚುಕಟ್ಟಾದ ಕನ್ನಡ. ಯಾರೂ ಹೋಗಿ ಮಸಿ ಬಳಿಯಬೇಕಾಗಿಲ್ಲ. ತೊಂದರೆ ಇರುವುದು ಬೋರ್ಡಿನ ಹಿಂದೆ.

ನಾನು ಇತಿಹಾಸದಲ್ಲಿ ಎಂ.ಎ. ಮಾಡಿದ್ದು ಅಂಥದ್ದೊಂದು ಕೇಂದ್ರದಲ್ಲಿ. ನಮ್ಮ ತರಗತಿಯಲ್ಲಿ ಹತ್ತೊಂಬತ್ತು ಜನ, ಅದರಲ್ಲಿ ಹನ್ನೊಂದು ಮಂದಿ ಹುಡುಗಿಯರು. ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ, ಬುತ್ತಿ ಕಟ್ಟಿಕೊಂಡು, ಬಸ್ ಪಾಸ್ ಹಿಡಿದು ಬರುತ್ತಿದ್ದವರು. ಆ ಕೇಂದ್ರ ಇನ್ನೂರು ಕಿಲೋಮೀಟರ್ ದೂರ ಇದ್ದಿದ್ದರೆ ಅವರ ಓದು ಡಿಗ್ರಿಗೇ ನಿಲ್ಲುತ್ತಿತ್ತು. ಹಾಸ್ಟೆಲಿಗೆ ಕಟ್ಟಲು ಅಪ್ಪಂದಿರ ಹತ್ತಿರ ದುಡ್ಡಿರಲಿಲ್ಲ. ದುಡ್ಡಿದ್ದವರಿಗೆ ಮಗಳನ್ನು ಅಷ್ಟು ದೂರ ಕಳಿಸುವ ಧೈರ್ಯ ಇರಲಿಲ್ಲ.

ಲೈಬ್ರರಿ ಅಂದರೆ ಎರಡು ಬೀರು. ಒಂದರ ಬೀಗದ ಕೈ ಸದಾ ಕಳೆದುಹೋಗಿರುತ್ತಿತ್ತು! ಪರೀಕ್ಷೆ ಕನ್ನಡದಲ್ಲಿ ಬರೆಯಬಹುದಿತ್ತು, ಆದರೆ ಓದಬೇಕಾದ ಪುಸ್ತಕಗಳೆಲ್ಲ ಇಂಗ್ಲಿಷಿನವು. ಹಾಗಾದರೆ ನಾವು ಪಾಸಾದದ್ದು ಹೇಗೆ? ಒಬ್ಬ ಅತಿಥಿ ಉಪನ್ಯಾಸಕರಿಂದ. ರಾತ್ರಿ ಇಂಗ್ಲಿಷಿನಲ್ಲಿ ಓದಿ, ಬೆಳಿಗ್ಗೆ ಕನ್ನಡದಲ್ಲಿ ಹೇಳೋರು. ಅವರು ಹೇಳಿದ್ದನ್ನು ಬರೆದುಕೊಂಡ ನೋಟ್ಸೇ ನಮ್ಮ ಪಠ್ಯಪುಸ್ತಕ. ತಿಂಗಳುಗಟ್ಟಲೆ ಸಂಬಳ ಬರದೆ ಅವರು ಎರಡನೇ ವರ್ಷ ಬಿಟ್ಟುಹೋದರು. ಆಮೇಲೆ ಆ ಪತ್ರಿಕೆಗೆ ನಾವೇ ಮೇಷ್ಟ್ರು, ನಾವೇ ಶಿಷ್ಯರು.

ಅಂಕಪಟ್ಟಿಯಲ್ಲಿ ನಮ್ಮಪ್ಪನ ಹೆಸರು ತಪ್ಪಾಗಿ ಬಂತು. ತಿದ್ದಿಸಲು ಮುಖ್ಯ ಕ್ಯಾಂಪಸ್ಸಿಗೆ ಮೂರು ಸಲ ಹೋದೆ. ಮೊದಲ ಸಲ ಗುಮಾಸ್ತರು ರಜೆ. ಎರಡನೇ ಸಲ ಚಲನ್ ಸರಿಯಿಲ್ಲ. ಮೂರನೇ ಸಲ ಕಿಟಕಿಯ ಆಚೆಯಿಂದ ಒಂದು ಮಾತು: ‘ಓ, ನೀವು ಸೆಂಟರ್‌ನೋರಾ?’ ಮೂರು ದಿನದ ಬಸ್ ಚಾರ್ಜು ಮರೆತಿದ್ದೇನೆ. ಆ ಮಾತು ಮರೆತಿಲ್ಲ.

‘ಸೆಂಟರ್‌ನೋರು’ ಅಂದರೆ ಕಡಿಮೆಯವರೇ ಸ್ವಾಮಿ? ಚರಿತ್ರೆ ನೋಡಿ. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಕುವೆಂಪು ಮಾನಸಗಂಗೋತ್ರಿಯನ್ನು ಕಟ್ಟಿದರು, ಉನ್ನತ ಶಿಕ್ಷಣ ಕನ್ನಡದಲ್ಲೂ ಸಿಗಬೇಕೆಂದು ಹಟ ಹಿಡಿದರು. ಅದೇ ವಿಶ್ವವಿದ್ಯಾನಿಲಯ 1968ರಲ್ಲಿ ಕರಾವಳಿಯಲ್ಲಿ ತೆರೆದ ಸ್ನಾತಕೋತ್ತರ ಕೇಂದ್ರ ಕೊಣಾಜೆಯ ಮಂಗಳಗಂಗೋತ್ರಿ. 1980ರಲ್ಲಿ ಅದು ಮಂಗಳೂರು ವಿಶ್ವವಿದ್ಯಾನಿಲಯ ಆಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1970ರಲ್ಲಿ ಕಲಬುರಗಿಯಲ್ಲಿ ತೆರೆದ ಕೇಂದ್ರವೂ 1980ರಲ್ಲೇ ಸ್ವತಂತ್ರ ವಿಶ್ವವಿದ್ಯಾಲಯ ಆಯಿತು. ಬಿ.ಆರ್. ಪ್ರಾಜೆಕ್ಟಿನ ಕೇಂದ್ರ 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ. ಆ ಕುವೆಂಪು ವಿಶ್ವವಿದ್ಯಾನಿಲಯದ ದಾವಣಗೆರೆ ಕೇಂದ್ರ 2009ರಲ್ಲಿ ಇನ್ನೊಂದು ವಿಶ್ವವಿದ್ಯಾನಿಲಯ. ಇವತ್ತು ದೊಡ್ಡದಾಗಿ ಕಾಣುವ ಇವೆಲ್ಲ ಒಂದು ಕಾಲದ ‘ಸೆಂಟರು’ಗಳೇ!

ಆದರೆ ಎಲ್ಲ ಸಸಿಗೂ ನೀರು ಸಿಗಲಿಲ್ಲ. 2023ರಲ್ಲಿ ಬೀದರ್, ಹಾವೇರಿ, ಹಾಸನ, ಕೊಡಗು, ಚಾಮರಾಜನಗರ, ಕೊಪ್ಪಳ, ಬಾಗಲಕೋಟೆಗಳಿಗೆ ಹೊಸ ವಿಶ್ವವಿದ್ಯಾಲಯದ ಬೋರ್ಡು ಬಿತ್ತು. ಎರಡೇ ವರ್ಷ. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ, ಹೊಸದಾಗಿ ಹುಟ್ಟಿದವುಗಳಲ್ಲಿ ಒಂಬತ್ತನ್ನು ಮುಚ್ಚಬೇಕೆಂಬ ತೀರ್ಮಾನಕ್ಕೆ ಬಂತು. ಹಣವಿಲ್ಲ, ಜಾಗವಿಲ್ಲ, ಸಿಬ್ಬಂದಿಯಿಲ್ಲ ಅನ್ನುವುದು ಕಾರಣ. ಕಾರಣ ಸುಳ್ಳಲ್ಲ. ಆದರೆ ಹಣ ಕೊಡದೆ ಬೋರ್ಡು ಹಾಕಿದವರು ಯಾರು? ಹಣ ಕೊಡುವ ಬದಲು ಬೋರ್ಡು ಇಳಿಸುವವರು ಯಾರು? ಒಂದು ಪಕ್ಷ ರಿಬ್ಬನ್ ಕತ್ತರಿಸುತ್ತದೆ, ಇನ್ನೊಂದು ಪಕ್ಷ ಬೀಗ ಹುಡುಕುತ್ತದೆ. ಬುತ್ತಿ ಕಟ್ಟಿಕೊಂಡು ಬರುವ ಹುಡುಗಿಯನ್ನು ಇಬ್ಬರೂ ಕೇಳಲಿಲ್ಲ.

ನನಗೆ ಬೋರ್ಡಿನ ಮೋಹವಿಲ್ಲ. ವಿಶ್ವವಿದ್ಯಾಲಯ ಅನ್ನಿ, ಕೇಂದ್ರ ಅನ್ನಿ. ನನ್ನ ಬೇಡಿಕೆ ಮೂರೇ. ಪಾಠ ಹೇಳಲು ಕಾಯಂ ಮೇಷ್ಟ್ರು ಬೇಕು. ಪ್ರತಿ ವಿಷಯಕ್ಕೂ ಎಂ.ಎ. ಮಟ್ಟದ ಕನ್ನಡ ಪುಸ್ತಕ ಬೇಕು. ಅಂಕಪಟ್ಟಿ ತಿದ್ದುವಂಥ ಕೆಲಸ ಅಲ್ಲೇ ಮುಗಿಯಬೇಕು.

ಇದಕ್ಕೂ ಬೆಂಗಳೂರಿನ ಹುಡುಗರಿಗೂ ಏನು ಸಂಬಂಧ ಅಂತೀರಾ? ಕನ್ನಡದಲ್ಲಿ ಮೇಲಿನ ಓದು ಓದುತ್ತಿರುವವರು ಬಹಳ ಮಂದಿ ಇರುವುದು ಇಂಥ ಕಡೆಗಳಲ್ಲೇ. ಅಲ್ಲಿ ಬೀಗ ಬಿದ್ದರೆ, ನಾಳೆ ಕನ್ನಡದಲ್ಲಿ ಇತಿಹಾಸ, ಅರ್ಥಶಾಸ್ತ್ರ ಬರೆಯುವವರು ಎಲ್ಲಿಂದ ಬರುತ್ತಾರೆ? ಆಗ ಕನ್ನಡ ಅಂಗಡಿ ಬೋರ್ಡಿನ ಮೇಲೆ ಮಾತ್ರ ಉಳಿಯುತ್ತದೆ.

ಘೋಷಣೆ ಕೂಗಿ ಎದ್ದುಹೋಗಬೇಡಿ, ಕೆಲಸ ಹಿಡಿಯಿರಿ. ನಿಮ್ಮ ಅಪ್ಪ ಅಮ್ಮನ ಜಿಲ್ಲೆಯ ಕೇಂದ್ರ ಯಾವುದೆಂದು ತಿಳಿದುಕೊಳ್ಳಿ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ: ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು, ಈ ವರ್ಷ ಕೊಂಡ ಕನ್ನಡ ಪುಸ್ತಕ ಎಷ್ಟು? ಬಂದ ಉತ್ತರ ಹಿಡಿದು ಶಾಸಕರ ಮನೆ ಬಾಗಿಲು ತಟ್ಟಿ. ಇಂಗ್ಲಿಷ್ ಚೆನ್ನಾಗಿ ಬಲ್ಲವರು ನಾಲ್ಕು ಜನ ಸೇರಿ ಒಂದು ಪಠ್ಯವನ್ನು ಕನ್ನಡಕ್ಕೆ ತನ್ನಿ.

ನಮ್ಮ ಮೇಷ್ಟ್ರು ಒಬ್ಬರೇ, ಸಂಬಳವಿಲ್ಲದೆ, ಆ ಕೆಲಸ ಮಾಡಿದರು. ನೀವು ಇಷ್ಟು ಜನ ಇದ್ದೀರಿ.