ಕಣ್ಣು ಮಸಕು, ಕಿವಿ ಸ್ಪಷ್ಟ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಶಾಲೆಯ ವಾರ್ಷಿಕೋತ್ಸವದಂದು ಛಾಯಾಚಿತ್ರ ತೆಗೆಯುವ ಭಾರವನ್ನು ಹತ್ತನೆಯ ತರಗತಿಯ ಹುಡುಗನೊಬ್ಬನಿಗೆ ವಹಿಸಿ, ನನ್ನ ಡಿಜಿಟಲ್ ಕ್ಯಾಮೆರಾವನ್ನು ಅವನ ಕೈಗಿತ್ತೆ. ಮರುದಿನ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದರೆ ಬಹುಮಾನ ಪಡೆದ ಮಕ್ಕಳ ಮುಖವೆಲ್ಲ ಮಂಜು ಮಂಜು. ಕೈ ನಡುಗಿಸಿದನೆಂದು ತರಗತಿಯ ಎದುರಿಗೇ ಗದರಿದೆ. ಅವನು ಮೆಲ್ಲನೆ, "ಸಾರ್, ಕಣ್ಣು ಮಸಕಾಗಿದೆ, ಆದರೆ ಕಿವಿಯ ಓಲೆ ಚೆನ್ನಾಗಿ ಬಂದಿದೆ" ಎಂದ. ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂಬ ಗಾದೆಯನ್ನು ಹೇಳಿ ಅವನ ಬಾಯಿ ಮುಚ್ಚಿಸಿದೆ.

ಆದರೆ ಶ್ರೋತೃಗಳೇ, ನೆಲ ನಿಜವಾಗಿಯೂ ಡೊಂಕಾಗಿತ್ತು! ಹುಡುಗನ ಮಾತಿನಲ್ಲಿಯೇ ರೋಗದ ಲಕ್ಷಣವಿತ್ತು. ಕೈ ನಡುಗಿದ್ದರೆ ಚಿತ್ರವಿಡೀ ಕದಡಬೇಕಾಗಿತ್ತು. ಕಣ್ಣು ಮಸಕಾಗಿ, ಅದರ ಹಿಂದಿರುವ ಕಿವಿ ಸ್ಪಷ್ಟವಾಗಿದ್ದರೆ, ಕ್ಯಾಮೆರಾದ ದೃಷ್ಟಿ ಗುರಿಗಿಂತ ಹಿಂದಕ್ಕೆ ಬಿದ್ದಿದೆಯೆಂದೇ ಅರ್ಥ. ಹೀಗೆ ದೃಷ್ಟಿ ನೆಡುವ ತಾಣವನ್ನು ನಾವು ನಾಭಿಯೆನ್ನುತ್ತೇವೆ. ಫೋಕಸ್ ಎಂಬುದು ಬಳಕೆಯ ಮಾತು.

ಈ ಡೊಂಕು ಹುಟ್ಟುವುದೆಲ್ಲಿ? ಕನ್ನಡಿಯುಳ್ಳ ಡಿ.ಎಸ್.ಎಲ್.ಆರ್. ಕ್ಯಾಮೆರಾದಲ್ಲಿ ಚಿತ್ರವನ್ನು ಹಿಡಿಯುವ ಫಲಕ ಹಿಂಬದಿಯಲ್ಲಿದೆ. ಫೋಕಸನ್ನು ಅಳೆಯುವ ಸಾಧನ ತಳದಲ್ಲಿದೆ. ದೊಡ್ಡ ಕನ್ನಡಿಯ ಹಿಂದಿನ ಪುಟ್ಟ ಕನ್ನಡಿಯೊಂದು ಬೆಳಕಿನ ಒಂದು ಪಾಲನ್ನು ತಳಕ್ಕೆ ತಿರುಗಿಸುತ್ತದೆ. ಮಸೂರದಿಂದ ಈ ಎರಡು ತಾಣಗಳಿಗೂ ಬೆಳಕಿನ ದಾರಿ ಸಮನಾಗಿರಬೇಕು. ಕೂದಲೆಳೆಯಷ್ಟು ವ್ಯತ್ಯಾಸವಾದರೂ, ಒಂದೇ ಅಂಗಡಿಯಲ್ಲಿ ಒಂದು ಸೇರಿನಿಂದ ಕೊಂಡು ಇನ್ನೊಂದು ಸೇರಿನಿಂದ ಮಾರಿದಂತಾಗುತ್ತದೆ. ಇದರ ಮೇಲೆ ಮಸೂರದ ಹೆಚ್ಚುಕಡಿಮೆಯೂ ಕೂಡುವುದರಿಂದ, ಒಂದು ಕ್ಯಾಮೆರಾಕ್ಕೆ ಹೊಂದಿದ ಲೆನ್ಸು ಮತ್ತೊಂದಕ್ಕೆ ಹೊಂದದಿರಬಹುದು.

ಲೆನ್ಸಿನ ಬಾಯಿ ಕಿರಿದಾಗಿದ್ದರೆ ಈ ದೋಷ ಮುಚ್ಚಿಹೋಗುತ್ತದೆ. ನಾನು ಕೊಟ್ಟಿದ್ದುದು 50 ಮಿಲಿಮೀಟರಿನ ಲೆನ್ಸು, ಬಾಯಿ 1.8ಕ್ಕೆ ತೆರೆದಿತ್ತು. ನನ್ನದರಂಥ ಸಣ್ಣ ಫಲಕದ ಕ್ಯಾಮೆರಾದಲ್ಲಿ, ಒಂದೂವರೆ ಮೀಟರು ದೂರಕ್ಕೆ, ಸ್ಪಷ್ಟವಾಗಿ ಕಾಣುವ ಆಳ ಸುಮಾರು 6 ಸೆಂಟಿಮೀಟರು ಮಾತ್ರ. ಅಲ್ಲಿ ಎರಡು ಬೆರಳಗಲ ತಪ್ಪಿದರೂ ಕಣ್ಣು ಹೋಗಿ ಕಿವಿ ಉಳಿಯುತ್ತದೆ.

ಪರೀಕ್ಷೆಗೆ ಬೇಕಾದುದು ಒಂದು ದಪ್ಪ ಪುಸ್ತಕ, ಒಂದು ಅಡಿಕೋಲು. ಪುಸ್ತಕವನ್ನು ಕ್ಯಾಮೆರಾಕ್ಕೆ ನೇರ ಮುಖವಾಗಿ ನಿಲ್ಲಿಸಿ, ಅದರ ಮಗ್ಗುಲಲ್ಲಿ ಅಡಿಕೋಲನ್ನು ಓರೆಯಾಗಿಡಿ. ಕೋಲಿನ ನಡುಗೆರೆ ಪುಸ್ತಕದ ಮುಖಕ್ಕೆ ಸಮನಾಗಿರಲಿ. ಗುರಿ ಪುಸ್ತಕದ ಅಕ್ಷರಗಳ ಮೇಲಿರಲಿ, ಕೋಲಿನ ಮೇಲಲ್ಲ. ಫೋಕಸ್ ಬಿಂದು ನಮಗೆ ಕಾಣುವ ಚೌಕಕ್ಕಿಂತ ವಿಸ್ತಾರವಾಗಿರುವುದುಂಟು. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಕೂರಿಸಿ, ಲೆನ್ಸಿನ ಬಾಯನ್ನು ಪೂರ್ತಿ ತೆರೆದು, ಒಳ್ಳೆಯ ಬೆಳಕಿನಲ್ಲಿ ಆರೇಳು ಚಿತ್ರ ತೆಗೆಯಿರಿ. ಪ್ರತಿಸಲವೂ ಫೋಕಸನ್ನು ಕೆಡಿಸಿ ಮತ್ತೆ ಹಿಡಿಸಬೇಕು. ಬಳಿಕ ಕನ್ನಡಿಯನ್ನೆತ್ತಿ, ಹಿಂಬದಿಯ ಪರದೆಯಲ್ಲಿ ನೋಡುತ್ತ ಫೋಕಸ್ ಮಾಡಿ ಇನ್ನೊಂದು ಚಿತ್ರ ತೆಗೆಯಿರಿ. ಇಲ್ಲಿ ಅಳೆಯುವುದೂ ಹಿಡಿಯುವುದೂ ಚಿತ್ರಫಲಕವೇ ಆದುದರಿಂದ ಇದೇ ಸಾಕ್ಷಿ.

ಸಾಕ್ಷಿಯ ಚಿತ್ರ ಸ್ಪಷ್ಟವಾಗಿದ್ದು, ಉಳಿದವೆಲ್ಲ ಒಂದೇ ದಿಕ್ಕಿಗೆ, ಒಂದೇ ಅಳತೆಗೆ ತಪ್ಪಿದ್ದರೆ ತಿದ್ದಬಹುದು. ಒಮ್ಮೆ ಹಿಂದೆ, ಒಮ್ಮೆ ಮುಂದೆ ತಪ್ಪಿದ್ದರೆ ತಿದ್ದಲು ಹೋಗಬೇಡಿ. ಬೆಳಕು ಸಾಲದೆ ಇರಬಹುದು, ಗುರಿಯಲ್ಲಿ ಗೆರೆ ಬಣ್ಣಗಳ ಭೇದ ಸಾಲದೆ ಇರಬಹುದು.

ತಿದ್ದುವ ಸೌಕರ್ಯವು 2007ರಲ್ಲಿ ಕ್ಯಾನನ್ 1ಡಿ ಮಾರ್ಕ್ 3, ನಿಕಾನ್ ಡಿ3, ಡಿ300 ಕ್ಯಾಮೆರಾಗಳಲ್ಲಿ ಬಂದಿತು. ಮುಂದೆ ಇತರ ಹಲವು ಮಾದರಿಗಳಿಗೂ ಹಬ್ಬಿತು. ಇವುಗಳಲ್ಲಿ ಋಣ 20ರಿಂದ ಧನ 20ರವರೆಗೆ ಅಂಕಗಳಿವೆ. ದೃಷ್ಟಿ ಹಿಂದೆ ಬೀಳುತ್ತಿದ್ದರೆ ಋಣ, ಮುಂದೆ ಬೀಳುತ್ತಿದ್ದರೆ ಧನ. ಕ್ಯಾಮೆರಾ ಆಯಾ ಲೆನ್ಸಿಗೆ ಆಯಾ ಅಂಕವನ್ನು ನೆನಪಿಟ್ಟುಕೊಳ್ಳುತ್ತದೆ. ನನ್ನ ಲೆನ್ಸಿಗೆ ಋಣ 8 ಸರಿಹೋಯಿತು. ಈ ಸೌಕರ್ಯವಿಲ್ಲದ ಕ್ಯಾಮೆರಾವಾದರೆ, ಲೆನ್ಸು ಕ್ಯಾಮೆರಾ ಎರಡನ್ನೂ ಒಟ್ಟಿಗೆ ದುರಸ್ತಿಗೆ ಕೊಡಬೇಕು. ಕನ್ನಡಿಯಿಲ್ಲದ ಹೊಸ ಕ್ಯಾಮೆರಾಗಳಲ್ಲಿ ಚಿತ್ರಫಲಕವೇ ಫೋಕಸನ್ನೂ ಅಳೆಯುವುದರಿಂದ ಈ ಎರಡು ಸೇರಿನ ತಂಟೆಯಿಲ್ಲ.

ಗದರಿದ್ದು ತರಗತಿಯ ಎದುರಿಗೆ. ಆದುದರಿಂದ ತಪ್ಪೊಪ್ಪಿಕೊಂಡದ್ದೂ ತರಗತಿಯ ಎದುರಿಗೇ. ಹುಡುಗ ನಾಚಿ ತಲೆ ತಗ್ಗಿಸಿದ. ಕ್ಯಾಮೆರಾವೇನೋ ಸರಿಯಾಯಿತು, ಆದರೆ ಅಂದು ವೇದಿಕೆ ಹತ್ತಿದ ಮಕ್ಕಳ ಕಣ್ಣುಗಳು ಆ ಚಿತ್ರಗಳಲ್ಲಿ ಇಂದಿಗೂ ಮಸಕಾಗಿಯೇ ಇವೆ. ನಿಮ್ಮ ಮನೆಯಲ್ಲಿ ಮದುವೆಯೋ ನಾಮಕರಣವೋ ಇದ್ದರೆ, ಅದಕ್ಕೆ ಒಂದು ವಾರ ಮುಂಚೆ ಒಂದು ಪುಸ್ತಕ, ಒಂದು ಅಡಿಕೋಲು ಹಿಡಿದು ಅರ್ಧ ಗಂಟೆ ಕುಳಿತುಕೊಳ್ಳಿ.